ಸೋಪು ಸೋಕಬಾರದ ಪಾತ್ರೆ

ನನ್ನ ತಂಗಿಯ ಮಗುವಿಗೆ ಅಂದು ಇಗರ್ಜಿಯಲ್ಲಿ ಜ್ಞಾನಸ್ನಾನ. ನಾನೇ ಜ್ಞಾನತಂದೆ. ಬಿಳಿ ಅಂಗಿ ತೊಟ್ಟು, ಹೊಟ್ಟೆಯನ್ನು ಒಳಗೆಳೆದುಕೊಂಡು ಕೋಟಿನ ಗುಂಡಿ ಹಾಕಿ ಮೆಟ್ಟಿಲಿಳಿಯುತ್ತಿದ್ದೆ. ಕೆಳಮನೆಯ ಗೌದೆಂಜಿಯೊ ಮೇಸ್ತ್ರಿ ಬಾಗಿಲಲ್ಲೇ ಕಾದು ನಿಂತಿದ್ದ.

"ಡಾಕ್ಟ್ರೇ, ಒಂದೇ ಒಂದು ಕಪ್ಪು ಕಾಫಿ. ಈ ಸಲ ಸೋರಲ್ಲ."

ಅವನು ಹೇಳಿದ್ದು ನಿಜ. ಸೋರಲಿಲ್ಲ, ಸಿಡಿಯಿತು. ಅವನ ಹೊಸ ಕಾಫಿ ಯಂತ್ರದ ಹಿಡಿಯನ್ನು ನಾನು ಒತ್ತಿದ್ದೇ ತಡ, ಒಳಗಿದ್ದದ್ದೆಲ್ಲ ಕೆಳಗಿನ ಕಪ್ಪನ್ನು ಬಿಟ್ಟು ನನ್ನ ಎದೆಗೆ ಬಂತು. ಅಂಗಿ ಬದಲಿಸಲು ಹೊತ್ತಿರಲಿಲ್ಲ, ಗಂಟೆ ಮೊಳಗುತ್ತಿತ್ತು. ಇಗರ್ಜಿಯಲ್ಲಿ ಮಗುವನ್ನು ಎದೆಗವಚಿಕೊಂಡವನು ಊಟ ಮುಗಿಯುವವರೆಗೆ ಕೆಳಗಿಳಿಸಲಿಲ್ಲ. ಎಲ್ಲ ಫೋಟೋಗಳಲ್ಲೂ ಹಾಗೆಯೇ ಇದ್ದೇನೆ. ಎಂಥ ಮಮತೆ ಎಂದು ನೆಂಟರು ಕಣ್ಣೊರೆಸಿಕೊಂಡರು. ಪಾದ್ರಿಗಳು ಮಾತ್ರ ಮಗುವಿನ ನೆತ್ತಿಗೆ ನೀರೆರೆಯುತ್ತಾ ಮೂಗರಳಿಸಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದು, ಪುಡಿ ಚೆನ್ನಾಗಿದೆ, ಯಾವ ಅಂಗಡಿಯದು ಎಂದು ಕೇಳಿದರು.

ನಾನು ಡಾಕ್ಟರಲ್ಲ, ಔಷಧದಂಗಡಿಯವನು. ನಮ್ಮ ಒಮೇನ್ಯಾ ಊರಿನಲ್ಲಿ ಬಿಳಿ ಕೋಟು ತೊಟ್ಟವರೆಲ್ಲ ಡಾಕ್ಟರೇ. ತಿದ್ದಲು ಹೋದರೆ ನನ್ನ ಹೆಂಡತಿಗೆ ಬೇಸರವಾಗುತ್ತದೆ, ಹಾಗಾಗಿ ತಿದ್ದುವುದಿಲ್ಲ. ಕೆಳಗೆ ಅಂಗಡಿ, ಅದರ ಮೇಲೆ ಗೌದೆಂಜಿಯೊ ಮತ್ತು ಅವನ ಹೆಂಡತಿ ಎರ್ಸೀಲಿಯಾ, ಅವರ ಮೇಲೆ ನಾವು. ಅವರ ಮನೆಯ ಸದ್ದುಗಳನ್ನು ನಾನು ಹಗಲು ಕೆಳಗಿನಿಂದಲೂ ಸಂಜೆ ಮೇಲಿನಿಂದಲೂ ಕೇಳಿಸಿಕೊಳ್ಳುತ್ತೇನೆ. ಬೇಕೆಂದು ಕೇಳಿಸಿಕೊಳ್ಳುವುದಿಲ್ಲ, ಆದರೆ ತಪ್ಪಿಸಿಕೊಳ್ಳುವುದೂ ಇಲ್ಲ.

ಗೌದೆಂಜಿಯೊ ಸರೋವರದ ಪಕ್ಕದ ಪಾತ್ರೆ ಕಾರ್ಖಾನೆಯಲ್ಲಿ ಜೀವಮಾನವಿಡೀ, ಒಲೆಯ ಮೇಲಿಟ್ಟು ಕಾಫಿ ಕಾಸುವ ಅಲ್ಯೂಮಿನಿಯಂ ಮೋಕಾ ಪಾತ್ರೆಗಳಿಗೆ ಹೊಳಪು ಕೊಟ್ಟವನು. ಕೆಲಸ ಬಿಟ್ಟರೂ ಅವನ ಕೈ ಕೆಲಸ ಬಿಡಲಿಲ್ಲ. ಮಂಕಾದ ಲೋಹ ಕಂಡರೆ ಅದಕ್ಕೆ ತಡೆಯದು. ನನ್ನ ಅಂಗಡಿಗೆ ಬಂದರೆ, ಸರದಿ ಬರುವಷ್ಟರಲ್ಲಿ ತಕ್ಕಡಿಯ ತಟ್ಟೆಯನ್ನು ಅಂಗಿಯ ತೋಳಿನಿಂದ ಉಜ್ಜಿ ಬೆಳಗಿರುತ್ತಿದ್ದ. ಒಮ್ಮೆ ಶವಯಾತ್ರೆಯಲ್ಲಿ ಪೆಟ್ಟಿಗೆಯ ಹಿಡಿಯನ್ನು ಉಜ್ಜುತ್ತಾ ನಡೆದದ್ದನ್ನು ಊರೇ ನೋಡಿದೆ.

ಯಂತ್ರದ ಹುಚ್ಚು ಹತ್ತಿದ್ದು ಅವನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಆ ವಾರ ಎರ್ಸೀಲಿಯಾ ದಿನಾ ಬಂದು ತಲೆನೋವಿನ ಮಾತ್ರೆ ಒಯ್ಯುತ್ತಿದ್ದಳು. ಕಾಫಿ ಬಿಟ್ಟಿದ್ದೀರಾ ಎಂದು ಕೇಳಿದೆ. ಮೊದಲು ರೇಗಿದಳು. ಆಮೇಲೆ ಅಂಗಡಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ಮಣಿಕಟ್ಟು ತೋರಿಸಿದಳು. ಮೋಕಾದ ಕೆಳಭಾಗಕ್ಕೆ ನೀರು, ನಡುವೆ ಪುಡಿ, ಮೇಲ್ಭಾಗವನ್ನು ತಿರುಚಿ ಬಿಗಿ ಮಾಡಬೇಕು. ಸಡಿಲವಿದ್ದರೆ ಹಬೆಯೆಲ್ಲ ಸೊಂಟದಿಂದಲೇ ಹೋಗುತ್ತದೆ, ಕಾಫಿ ಮೇಲೇರುವುದಿಲ್ಲ. ಬಿಗಿ ಮಾಡುವ ಶಕ್ತಿ ಅವಳ ಕೈಯಲ್ಲಿ ಉಳಿದಿರಲಿಲ್ಲ. ಇಷ್ಟು ವರ್ಷ ಗಂಡ ಮಲಗುವ ಮುಂಚೆ ಬಿಗಿಮಾಡಿ ಒಲೆಯ ಮೇಲಿಟ್ಟಿರುತ್ತಿದ್ದ, ಬೆಳಿಗ್ಗೆ ಅವಳು ಬೆಂಕಿ ಹಚ್ಚುತ್ತಿದ್ದಳು, ಅಷ್ಟೇ.

"ಅವನ ಹತ್ರ ಬಾಯಿ ಬಿಡ್ಬೇಡಿ," ಎಂದಳು.

ಗಿರಾಕಿಯ ಗುಟ್ಟು ಕಾಯುವುದು ನಮ್ಮ ವೃತ್ತಿಯ ಮೊದಲ ಧರ್ಮ. ನಾನು ಅದನ್ನು ಮರುದಿನ ಆಸ್ಪತ್ರೆಗೆ ಹೋಗುವವರೆಗೆ ಕಾಯ್ದೆ. ಗೌದೆಂಜಿಯೊ ಕೇಳಿಸಿಕೊಂಡು ಬಹಳ ಹೊತ್ತು ಮಂಚದ ಕಂಬಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

"ನಾಳೆ ನಾನು ಹೋಗ್ಬಿಟ್ರೆ ಅವಳಿಗೆ ಬಿಗಿ ಮಾಡಿಕೊಡೋರು ಯಾರು ಡಾಕ್ಟ್ರೇ?"

ಮನೆಗೆ ಬಂದವನೇ, ತಿರುಚುವ ಗೋಜೇ ಇಲ್ಲದ ಯಂತ್ರ ಕಟ್ಟಲು ಕೂತ. ಒಂದು ಕೊಳವೆಗೆ ಪುಡಿ ಹಾಕಿ, ಕುದಿನೀರು ಸುರಿದು, ಮೇಲಿನಿಂದ ಒತ್ತಿದರೆ ಕೆಳಗೆ ಕಾಫಿ ಇಳಿಯಬೇಕು. ಮೊದಲನೆಯದನ್ನು ಸೈಕಲ್ ಪಂಪಿನಿಂದ ಮಾಡಿದ. ಕಾಫಿ ಪಂಚರ್ ಅಂಗಡಿಯ ವಾಸನೆ ಹೊಡೆಯಿತು. ಆಮೇಲಿನದಕ್ಕೆ ತೊಗಲಿನ ಬಿರಡೆ ಹಾಕಿದ. ಹೊಸ ಬೂಟು ನೆನೆಸಿಟ್ಟ ನೀರಿನಂತಾಯಿತು. ಮತ್ತೊಂದು ನನ್ನ ಅಂಗಿಗಾಯಿತು. ಪ್ರತಿ ಪ್ರಯೋಗಕ್ಕೂ ಅವನು ಸುಟ್ಟಗಾಯದ ಮುಲಾಮು ಒಯ್ಯುತ್ತಿದ್ದುದರಿಂದ, ವಿಜ್ಞಾನ ಮುಂದುವರಿಯಲಿ ಎಂದು ನಾನೂ ಹುರಿದುಂಬಿಸಿದೆ. ಕೊನೆಗೆ ಉದ್ದನೆಯ ಹಿಡಿಯದೊಂದನ್ನು ಕಟ್ಟಿದ. ಕಿರುಬೆರಳಲ್ಲಿ ಒತ್ತಿದರೂ ಸಾಕು, ಕಿರ್ರ್ ಎಂದು ಸದ್ದು ಮಾಡುತ್ತಾ ಇಳಿಯುತ್ತಿತ್ತು. ಕಾಫಿ, ಸುಳ್ಳೇಕೆ ಹೇಳಲಿ, ನಮ್ಮ ಮನೆಯದಕ್ಕಿಂತ ಚೆನ್ನಾಗಿತ್ತು. ಇದನ್ನು ಮೇಲಿನ ಮಹಡಿಯಲ್ಲಿ ಹೇಳಿಲ್ಲ.

ಎರ್ಸೀಲಿಯಾಗೆ ಕೊಟ್ಟ. ನನ್ನನ್ನೂ ಸಾಕ್ಷಿಗೆ ಕೂರಿಸಿಕೊಂಡಿದ್ದ. ಅವಳು ಕುಡಿದು ಕಪ್ಪು ಕೆಳಗಿಟ್ಟಳು.

"ಬಿಸಿಯಾಗಿದೆ," ಎಂದಳು.

ಅಷ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಯಂತ್ರವನ್ನು ತೊಟ್ಟಿಗೆ ಒಯ್ದು, ನಮ್ಮಿಬ್ಬರ ಕಣ್ಣೆದುರೇ, ಸೋಪು ಹಚ್ಚಿ ತೊಳೆದಳು. ನಮ್ಮ ಕಡೆ ಕಾಫಿ ಪಾತ್ರೆಗೆ ಯಾರೂ ಸೋಪು ಸೋಕಿಸುವುದಿಲ್ಲ. ಬರೀ ನೀರಿನಲ್ಲಿ ಜಾಲಿಸಿ ಮಗುಚಿಡುತ್ತಾರೆ. ಒಳಗೆ ಕಟ್ಟುವ ಕಪ್ಪು ಪದರದಲ್ಲೇ ರುಚಿಯಿರುವುದು. ಸೋಪು ಹಾಕಿದಳೆಂದರೆ, ಇದು ಸಾರಿನ ಪಾತ್ರೆ, ಬಾಣಲೆ, ಇನ್ನೇನೋ ಇರಬಹುದು, ಕಾಫಿ ಪಾತ್ರೆಯಂತೂ ಅಲ್ಲ ಎಂದು ತೀರ್ಪು ಕೊಟ್ಟಂತೆ. ಪ್ರತಿ ಸಲವೂ ಅದೇ ತೀರ್ಪು. ಅವನು ಹಿಡಿ ಬದಲಿಸಿದ, ಜರಡಿ ಬದಲಿಸಿದ. ಅವಳು ಸೋಪು ಬದಲಿಸಲಿಲ್ಲ.

"ಕೂತು ಕುಡಿಯೋ ಕಾಫಿಗೆ ನಿಂತ್ಕೊಂಡು ನೀರು ಪಂಪು ಹೊಡಿಯೋ ಕರ್ಮ ಯಾಕೆ ಮಾರಾಯ?" ಎಂದು ಕೇಳಿದಳಂತೆ. ಅಮ್ಮನಿಂದ ಬಂದ ಹಳೆಯ ಮೋಕಾ ಅವಳಿಗೆ ಸಾಕಾಗಿತ್ತು.

ಸೋತ ಗೌದೆಂಜಿಯೊ ಬೇರೆ ದಾರಿ ಹಿಡಿದ. ಹಳೆಯ ಮೋಕಾದ ತಿರುಪಿನ ಸುತ್ತುಗಳನ್ನೇ ತುಸು ತೀಡಿದರೆ ಸಲೀಸಾಗಿ ತಿರುಗೀತು, ಅವಳ ಕೈಗೂ ಒಗ್ಗೀತು. ಅವಳು ಇಗರ್ಜಿಯ ಪೂಜೆಗೆ ಹೋಗಿದ್ದಾಗ ಪಾತ್ರೆಯನ್ನು ನೆಲಮಾಳಿಗೆಗೆ ಒಯ್ದ. ಸುತ್ತುಗಳನ್ನು ತೀಡಿದ. ಅಲ್ಲಿಗೆ ಬಿಡಬೇಕಿತ್ತು. ಸುತ್ತಿನ ಪಕ್ಕ ಒಂದಿಷ್ಟು ಮಂಕು ಕಂಡಿತು. ಅದರ ಪಕ್ಕ ಇನ್ನಷ್ಟು. ಮುಂದಿನದು ತನಗೆ ನೆನಪಿಲ್ಲ ಎನ್ನುತ್ತಾನೆ. ಎರ್ಸೀಲಿಯಾ ಮನೆಗೆ ಬರುವಾಗ ಒಲೆಯ ಮೇಲೆ ಒಳಗೂ ಹೊರಗೂ ಕನ್ನಡಿಯಂತೆ ಹೊಳೆಯುವ ಮೋಕಾ ಕೂತಿತ್ತು. ಅವಳ ಅಮ್ಮನ ಕಾಲದಿಂದ ಕಟ್ಟಿದ್ದ ಪದರದ ಹೆಸರೂ ಉಳಿದಿರಲಿಲ್ಲ.

"ಇದು ಯಾರ ಮನೇದು?" ಎಂದಳಂತೆ. ಆಮೇಲೆ ಅವನೊಡನೆ ಮಾತಿಲ್ಲ.

ಮರುದಿನದಿಂದ ಅವಳು ಬೆಳಿಗ್ಗೆ ಭಾನುವಾರದ ಬಟ್ಟೆ ತೊಟ್ಟು ಚೌಕದ ಕಾಫಿ ಬಾರಿಗೆ ಹೋಗಿ, ಊರವರೆದುರು ನಿಂತು ಕಾಫಿ ಕುಡಿಯತೊಡಗಿದಳು. ಪಾತ್ರೆ ಕಾರ್ಖಾನೆಯವನ ಹೆಂಡತಿ. ಹಳೆಯ ಜೊತೆಗಾರರು ಬಿಡುತ್ತಾರೆಯೇ? ಏನು ಮೇಸ್ತ್ರಿ, ಮನೆಯಲ್ಲಿ ಬೆಂಕಿಯಿಲ್ಲವೋ ಪಾತ್ರೆಯಿಲ್ಲವೋ ಎಂದು ಬೀದಿಯಾಚೆಯಿಂದಲೇ ಕೂಗಿದರು. ಅವನು ಒಳಗೆ ಕೂತು, ಹೊಳೆಯುವ ಮೋಕಾದಲ್ಲಿ ಕಾಫಿ ಕಾಸಿ ಚೆಲ್ಲಿ, ಕಾಸಿ ಚೆಲ್ಲಿ, ಪದರ ಬರಿಸಲು ಹೆಣಗುತ್ತಿದ್ದ. ಬಚ್ಚಲ ಕೊಳವೆಗೆ ನಿದ್ದೆ ಬಾರದಷ್ಟು ಕುಡಿಸಿದ.

ಅಷ್ಟರಲ್ಲಿ ಆಗಸ್ಟ್ ಬಂತು. ಬಾರಿನವನು ಎಂದಿನಂತೆ ಬಾಗಿಲೆಳೆದು ಹೆಂಡತಿ ಮಕ್ಕಳೊಂದಿಗೆ ರಜೆಗೆ ಸಮುದ್ರತೀರಕ್ಕೆ ಹೋದ. ಎರ್ಸೀಲಿಯಾ ಮುಚ್ಚಿದ ಬಾಗಿಲೆದುರು ನಿಂತು, ಅಂಟಿಸಿದ ಚೀಟಿಯನ್ನು ಓದಿ, ಅದರಲ್ಲಿ ಬೇರೇನಾದರೂ ಬರೆದೀತೇ ಎಂಬಂತೆ ಮತ್ತೊಮ್ಮೆ ಓದಿ, ಹಿಂತಿರುಗಿದಳು. ಗೌದೆಂಜಿಯೊ ಆಗ ನನ್ನ ಅಂಗಡಿಯಲ್ಲಿದ್ದ. ಅವಳು ನಮ್ಮ ಮುಂದೆಯೇ ಮೆಟ್ಟಿಲು ಹತ್ತಿ ಹೋದಳು. ಇನ್ನೇನು, ಮಾತ್ರೆಗೆ ಬರುತ್ತಾಳೆ ಎಂದು ನಾನು ಡಬ್ಬಿ ತೆಗೆದಿಟ್ಟೆ.

ತಲೆಯ ಮೇಲೆ ನೀರು ಕುದಿಯುವ ಸಿಳ್ಳು ಕೇಳಿತು. ಆಮೇಲೆ ಏನೂ ಇಲ್ಲ. ಆಮೇಲೆ, ಬಹಳ ನಿಧಾನವಾಗಿ, ಕಿರ್ರ್.

ನಾವಿಬ್ಬರೂ ಸೂರು ನೋಡುತ್ತಾ ನಿಂತೆವು. ಕೆಮ್ಮಿನ ಔಷಧಿಗೆ ಬಂದಿದ್ದ ಹೆಂಗಸೊಬ್ಬಳು ತಾನೂ ಸೂರು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕಿರ್ರ್.

"ಎರಡನೇ ಕಪ್ಪು," ಎಂದು ಪಿಸುಗುಟ್ಟಿದ ಗೌದೆಂಜಿಯೊ. ಮೇಲೆ ಹೋಗಿ ಮೇಸ್ತ್ರಿಗಳೇ ಎಂದೆ. ಹೋಗಲಿಲ್ಲ, ನನ್ನ ತಕ್ಕಡಿಯ ಎರಡೂ ತಟ್ಟೆ ಬೆಳಗಿ ಮುಗಿಸಿದ. ಆ ಹಿಡಿಗೆ ಒಂದು ಹನಿ ಎಣ್ಣೆ ಬಿಡಬಾರದೇ ಎಂದು ಕೇಳಿದರೆ, ಎಣ್ಣೆ ಬಿಟ್ಟರೆ ತನಗೆ ಕೇಳಿಸುವುದು ಹೇಗೆ ಎಂದ.

ಬಾರು ಮತ್ತೆ ತೆರೆಯಿತು. ಎರ್ಸೀಲಿಯಾ ಅತ್ತ ಹಾಯಲಿಲ್ಲ. ಮನೆಯಲ್ಲಿ ಮಾತು ಶುರುವಾಗಿದೆ ಎಂಬುದಕ್ಕೆ, ಅವಳು ಅವನನ್ನು ಬೈಯುವುದು ಮೇಲಿನ ನಮಗೆ ಚೆನ್ನಾಗಿ ಕೇಳಿಸತೊಡಗಿತು. ಬೆಳಗಿನ ಕಿರ್ರ್ ಒಂದು ದಿನವೂ ತಪ್ಪಲಿಲ್ಲ. ಒಂದು ಸಂಜೆ ಗೌದೆಂಜಿಯೊ ಅಂಗಡಿಗೆ ಬಂದು, ಮುಲಾಮು ಬೇಡ, ಸುಮ್ಮನೆ ಬಂದೆ ಎಂದು ಕೂತ. ನನಗೆ ತಡೆಯಲಾಗಲಿಲ್ಲ.

"ಅಂತೂ ನಿಮ್ಮ ಯಂತ್ರಾನ ಒಪ್ಕೊಂಡ್ರಾ ನಿಮ್ಮನೆಯವ್ರು?"

ಅವನು ಗಲ್ಲಾಪೆಟ್ಟಿಗೆಯ ಬೀಗವನ್ನು ತೋಳಿನಿಂದ ಉಜ್ಜುತ್ತಾ ತಲೆಯಾಡಿಸಿದ.

"ಎಲ್ಲಿ ಒಪ್ತಾಳೆ ಡಾಕ್ಟ್ರೇ. ಸೋಪು ಹಾಕೋದು ಬಿಟ್ಟಿದ್ದಾಳೆ, ಅಷ್ಟೇ."