ಅಜ್ಜನ ಪಲ್ಟನ್ ನಂಬರು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ಹಾಗಾಗಿ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ನೇಸರಗಿಯಲ್ಲಿ ಶಾಲೆಯ ಮಾಸ್ತರನಾಗಿದ್ದೆ. ನನ್ನ ತಂದೆಯ ತಂದೆ ಬ್ರಿಟಿಷರ ಕಾಲಾಳು ಪಲ್ಟನ್ನಿನಲ್ಲಿ ಮೊದಲ ಮಹಾಯುದ್ಧಕ್ಕೆ ಹೋದವರು ಮರಳಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಅಜ್ಜಿ ಕುಂಕುಮ ಅಳಿಸಿರಲಿಲ್ಲ. ಅವಳು ಬದುಕಿರುವಾಗಲೇ ಏನಾದರೊಂದು ತಿಳಿಯಲೆಂದು ಆ ಪಲ್ಟನ್ನಿನ ಇತಿಹಾಸದ ಇಂಗ್ಲಿಷ್ ಪುಸ್ತಕ ತರಿಸಿ ಓದಿದೆ. ಅದರಲ್ಲಿ ಸಾಹೇಬರಿಗೆ ಹೆಸರುಗಳಿದ್ದವು, ಸಿಪಾಯಿಗಳಿಗೆ ಇರಲಿಲ್ಲ. ಕಡೆಗೆ ಸೈನ್ಯದ ದಾಖಲೆ ಕಚೇರಿಗೆ ಪತ್ರ ಬರೆದೆ.

ಉತ್ತರ ಬರುವ ಮೊದಲೇ, ಅದೇ ಪಲ್ಟನ್ನಿನಲ್ಲಿದ್ದ ಮುದುಕರೊಬ್ಬರು ಎಂ.ಕೆ. ಹುಬ್ಬಳ್ಳಿಯಲ್ಲಿದ್ದಾರೆಂದು ತಿಳಿದು ಒಂದು ರವಿವಾರ ಬಸ್ಸು ಹಿಡಿದೆ. ಅವರ ಮಗ ಬಾಗಿಲಲ್ಲೇ ಹೇಳಿದ: "ಅಪ್ಪಗ ನೆನಪ ಹೋಗೇತ್ರಿ ಮಾಸ್ತರ. ನನ್ನ ಗುರುತೂ ಹತ್ತೂದಿಲ್ಲ." ತಂದೆಯ ಸೈನ್ಯದ ಕಾಗದಗಳನ್ನು ತೋರಿಸಿದ. ಅವರು ಸೇರಿದ ತಾರೀಖನ್ನು ಬರೆದುಕೊಂಡೆ. ಆಮೇಲೆ ಹಿತ್ತಲಿಗೆ ಕರೆದೊಯ್ದ.

ಬಿಸಿಲಿಗೆ ಕುಳಿತಿದ್ದ ಮುದುಕರಿಗೆ ನಾನು ಯಾರೆಂದು ಇನ್ನೂ ಹೇಳಿರಲಿಲ್ಲ. ನನ್ನನ್ನು ಕಂಡದ್ದೇ ಗೋಡೆ ಹಿಡಿದು ಎದ್ದು ನೆಟ್ಟಗೆ ನಿಂತರು.

"ದೋ, ಚಾರ್, ಏಕ್, ಸಾತ್," ಎಂದು ಹಿಂದೂಸ್ತಾನಿಯಲ್ಲಿ ಅಂಕಿ ಹೇಳಿದರು. "ನಿನ್ನ ರಜಾ ಮಂಜೂರ ಆಗೇತಿ. ಊರಿಗೆ ಹೋಗು."

ಮತ್ತೆ ಕುಳಿತುಬಿಟ್ಟರು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಮೂರು ತಿಂಗಳಾದ ಮೇಲೆ ಕಚೇರಿಯಿಂದ ಪತ್ರ ಬಂತು. ಅಜ್ಜ ಸೈನ್ಯದ ಶಿಬಿರದಲ್ಲಿ ಜ್ವರದಿಂದ ಸತ್ತಿದ್ದರು. ಅವರ ನಂಬರು ೨೪೧೭. ಆ ಮುದುಕರು ಪಲ್ಟನ್ ಸೇರಿದ್ದು ಅದಾದ ಎರಡು ವರ್ಷಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲು ಸಾಧ್ಯವೇ ಇಲ್ಲ. ಹಳೆಯ ಹಾಜರಿ ಪಟ್ಟಿಯಲ್ಲಿ ಆ ನಂಬರು ಓದಿರಬಹುದು ಎಂದುಕೊಂಡೆ. ಆದರೆ ನನ್ನನ್ನು ನೋಡಿ ಅದನ್ನೇ ಯಾಕೆ ಹೇಳಬೇಕು?

ಅಜ್ಜಿಗೆ ಎಲ್ಲವನ್ನೂ ಹೇಳಿದೆ.

"ಕಡೀ ಕಾಗದದಾಗ ರಜಾ ಕೇಳೇನಿ ಅಂತ ಬರಿಸಿದ್ರು," ಎಂದಳು. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಮಾತು. "ಆ ಮುದುಕ ಸಿಟ್ಟಿಲೆ ಹೇಳಿದ್ನೋ, ಚಂದಂಗ ಹೇಳಿದ್ನೋ?"

"ಚಂದಂಗನ ಹೇಳಿದ್ರು."

"ಹಂಗಾದ್ರ ಆತು ಬಿಡು," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಮುಂದೆ ಅವಳು ಈ ವಿಷಯ ಎತ್ತಲೇ ಇಲ್ಲ. ಆ ಮುದುಕರು ಯಾರ ಮಾತನ್ನು ನನಗೆ ಮುಟ್ಟಿಸಿದರೋ, ಇವತ್ತಿಗೂ ನಾನು ಹೇಳಲಾರೆ.