ಇದ್ದಲಿನ ಗುರುತುಗಳು

ಬೆಳಿಗ್ಗೆ ಕಚೇರಿಯ ಬಾಗಿಲು ತೆರೆದೊಡನೆ ಕೆಬ್ಬೆ ಮುಲ್ಬಾ ಮಾಡುತ್ತಿದ್ದ ಮೊದಲ ಕೆಲಸ ಪ್ರಾರ್ಥನೆ. ಕೋಟು ಕಳಚಿ, ಮುಂಬಾಗಿಲ ಮೇಜಿನ ಹಿಂದೆ ನಿಂತು, ಟೆಲಿಫೋನಿನ ಮೇಲೆ ಅಂಗೈಯಿಟ್ಟು, ಇಂದು ಇದರಲ್ಲಿ ಮಾತನಾಡುವ ಎಲ್ಲರ ನಾಲಿಗೆಯನ್ನೂ ಕರ್ತನೇ ಕಾಯಲಿ ಎಂದು ಬೇಡಿಕೊಳ್ಳುತ್ತಿದ್ದರು. ಆ ಬೇಡಿಕೆ ಅಗತ್ಯವೇ ಆಗಿತ್ತು. ವಾಷಿಂಗ್ಟನ್ನಿನ ಆ ಮೂರನೆಯ ಮಹಡಿಯ ಸಂಘಕ್ಕೆ ಕರೆ ಮಾಡುತ್ತಿದ್ದವರು ಅದರ ಸದಸ್ಯರು, ಯುದ್ಧ ನಡೆದ ನಾಡುಗಳಲ್ಲಿ ಶಾಂತಿ ಕಾಯುವ ಕೆಲಸವನ್ನು ಗುತ್ತಿಗೆ ಹಿಡಿದ ಕಂಪನಿಗಳವರು. ನೆಲಬಾಂಬು ಕೀಳುವವರು, ಹೆಲಿಕಾಪ್ಟರ್ ಹಾರಿಸುವವರು, ಶಿಬಿರಗಳಿಗೆ ನೀರು ಸಾಗಿಸುವವರು, ಕಾವಲು ನಿಲ್ಲುವವರು. ಮೆತ್ತಗೆ ಮಾತನಾಡಿ ಅಭ್ಯಾಸವಿಲ್ಲದ ಜನ. ಅಂಥವರು ಗುಡುಗಿದರೂ ಕೆಬ್ಬೆ, "ಮೊದ್ಲು ಗುಡ್ ಮಾರ್ನಿಂಗ್ ಹೇಳಪ್ಪಾ, ಆಮೇಲೆ ಬೈಯುವಿಯಂತೆ" ಎನ್ನುತ್ತಿದ್ದರು. ಮಾಜಿ ಕರ್ನಲ್‌ಗಳೂ ಮರುಮಾತಿಲ್ಲದೆ ಹೇಳುತ್ತಿದ್ದರು.

ಸಂಘದ ಮುಖ್ಯಸ್ಥರು ಲೈಲ್ ಪ್ರೂಯಿಟ್. ಕೆಬ್ಬೆಯವರ ತಾಯ್ನಾಡಾದ ಲೈಬೀರಿಯಾದಲ್ಲಿ ಯುದ್ಧ ನಡೆಯುತ್ತಿದ್ದಾಗ ಪ್ರೂಯಿಟ್ ಒಂದು ಕಂಪನಿಯ ನೀರಿನ ಟ್ಯಾಂಕರುಗಳ ಮೇಲ್ವಿಚಾರಕರಾಗಿದ್ದರು. ರಾಜಧಾನಿ ಮನ್ರೋವಿಯಾದ ಕ್ರೀಡಾಂಗಣದಲ್ಲಿ ಮನೆಮಠ ಕಳೆದುಕೊಂಡವರ ಶಿಬಿರವಿತ್ತು. ಅಲ್ಲಿಗೆ ಅವರ ಟ್ಯಾಂಕರುಗಳು ನೀರು ತರುತ್ತಿದ್ದವು. ಅಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತವರಲ್ಲಿ ಕೆಬ್ಬೆಯೂ ಒಬ್ಬರು. ವರ್ಷಗಳ ಬಳಿಕ ವಾಷಿಂಗ್ಟನ್ನಿನಲ್ಲಿ ಕೆಲಸ ಕೇಳಿಕೊಂಡು ಬಂದ ಹೆಂಗಸು ಅದೇ ಶಿಬಿರದವರೆಂದು ತಿಳಿದಾಗ ಪ್ರೂಯಿಟ್ ಕುರ್ಚಿಯಿಂದ ಎದ್ದು ನಿಂತಿದ್ದರು. ಕೆಲಸ ಕೊಟ್ಟರು, ಮನೆ ಬಾಡಿಗೆಗೆ ಹಿಡಿಯುವಾಗ ಜಾಮೀನಿಗೂ ನಿಂತರು. ಪ್ರತಿದಿನ ಬೆಳಿಗ್ಗೆ ಲೈಬೀರಿಯಾದವರ ಕ್ರಮದಲ್ಲಿ ಕೈಕುಲುಕಿ, ಕೊನೆಯಲ್ಲಿ ಬೆರಳಿಗೆ ಬೆರಳು ತಾಗಿಸಿ ಚಿಟಿಕೆ ಹೊಡೆಯಲು ನೋಡುತ್ತಿದ್ದರು. ಸದ್ದು ಮಾತ್ರ ಬರುತ್ತಿರಲಿಲ್ಲ.

"ಬಾಸ್‌ಮ್ಯಾನ್, ನಿಮ್ ಬೆರಳು ಬೆಂದ ಬೆಂಡೆಕಾಯಿ," ಎಂದು ಕೆಬ್ಬೆ ನಗುತ್ತಿದ್ದರು.

ಪ್ರೂಯಿಟ್‌ರ ಬಳಿ ಒಂದು ಕತೆಯಿತ್ತು. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಸೇರುವ ಭೋಜನಕೂಟದಲ್ಲಿ ಅದನ್ನು ಹೇಳದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಆ ಶಿಬಿರದಲ್ಲಿ ನಿಂತ ಟ್ಯಾಂಕರುಗಳ ಬಿಳಿಯ ಮೈಮೇಲೆ ಸಂಜೆಯ ಹೊತ್ತಿಗೆ ಯಾರೋ ಇದ್ದಲಿನಲ್ಲಿ ಗುರುತು ಬರೆದಿರುತ್ತಿದ್ದರಂತೆ. ಬರಿಯ ಅಂಕಿಗಳು. ಒಂದು ದಿನ ಸಣ್ಣ ಅಂಕಿ, ಮರುದಿನ ದೊಡ್ಡದು, ಕೆಲವಕ್ಕೆ ಅಡ್ಡಗೆರೆ. ಬಂದೂಕಿನವರು ಟ್ಯಾಂಕರು ಅಪಹರಿಸಲು ಹೊಂಚಿ ಬರೆದ ಸಂಕೇತವೆಂದು ಪ್ರೂಯಿಟ್ ತೀರ್ಮಾನಿಸಿದರು. ಪ್ರತಿ ಸಂಜೆ ಆಳುಗಳಿಂದ ತಿಕ್ಕಿಸಿ ತೊಳೆಸಿದರು, ಕಾವಲು ಹೆಚ್ಚಿಸಿದರು, ಮೇಲಿನವರಿಗೆ ವರದಿ ಕಳಿಸಿದರು. ಅಪಹರಣ ನಡೆಯಲೇ ಇಲ್ಲ. "ಆ ಸಂಕೇತವನ್ನ ಇವತ್ತಿಗೂ ಯಾರೂ ಬಿಡಿಸಿಲ್ಲ!" ಎಂದು ಅವರು ಮೇಜು ಗುದ್ದಿದಾಗ ಸಭೆಯೆಲ್ಲ ನಗುತ್ತಿತ್ತು. ಕೆಬ್ಬೆಯೂ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು.

ಆ ವರ್ಷ ಸಂಘದ ಜಾಲತಾಣವನ್ನು ಹೊಸದಾಗಿ ಮಾಡುವ ಕೆಲಸ ಬ್ರಿಜೆಟ್ ಹಾಲೊರನ್ ಎಂಬ ಪ್ರಚಾರ ಅಧಿಕಾರಿಯ ಪಾಲಿಗೆ ಬಂತು. ಸಿಬ್ಬಂದಿಯ ಒಬ್ಬೊಬ್ಬರದೂ ಒಂದು ಚಿತ್ರ, ಕೆಳಗೆ ನಾಲ್ಕು ಸಾಲಿನ ಪರಿಚಯ. ಆ ಊರಿನಲ್ಲಿ ಮನುಷ್ಯನಿಗಿಂತ ಮೊದಲು ಅವನ ಪರಿಚಯವೇ ಕೋಣೆಯೊಳಗೆ ಕಾಲಿಡುತ್ತದೆ. ಒಬ್ಬರು ಸಂಘರ್ಷ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಒಬ್ಬರು ಬಾಲ್ಕನ್ ನಾಡಿನಲ್ಲಿ ಸೈನ್ಯಕ್ಕೆ ಸಾಮಾನು ಒದಗಿಸಿದವರು. ಬ್ರಿಜೆಟ್ ಸಂಭ್ರಮದಿಂದ ಓಡಿ ಬಂದು ಕೆಬ್ಬೆಯವರ ಮುಂದೆ ಪರದೆ ತಿರುಗಿಸಿದಳು.

"ಮಿಸ್ ಕೆಬ್ಬೆ, ನಿಮ್ಮದೇ ಎಲ್ಲಕ್ಕಿಂತ ಚೆನ್ನಾಗಿದೆ ನೋಡಿ! ಶುಕ್ರವಾರ ಭೋಜನಕೂಟದಲ್ಲಿ, ಊಟಕ್ಕೆ ಮುಂಚೆ ದೊಡ್ಡ ಪರದೆ ಮೇಲೆ ಹಾಕ್ತೀವಿ. ನೀವು ಎದ್ದು ನಿಲ್ಲಬೇಕು ಅಷ್ಟೆ. ಬಾಸ್ ಓದಿ ಕಣ್ಣೊರೆಸಿಕೊಂಡ್ರು ಗೊತ್ತಾ?"

ಕೆಬ್ಬೆ ಓದಿದರು. 'ಯುದ್ಧದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಕೆಬ್ಬೆ ಮುಲ್ಬಾ, ನಮ್ಮ ಸದಸ್ಯ ಕಂಪನಿಯೊಂದು ತಂದ ನೀರಿನಿಂದ ಬದುಕುಳಿದರು. ಇಂದು ಕೃತಜ್ಞತೆಯಿಂದ ನಮ್ಮ ಕರೆಗಳಿಗೆ ಉತ್ತರಿಸುತ್ತಾರೆ.'

ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನೀರು ಬಂದದ್ದು ನಿಜ, ಕೃತಜ್ಞತೆಯೂ ನಿಜ. ಆ ನೀರಿಗಾಗಿ ಅವರು ಇಂದಿಗೂ ದೇವರನ್ನು ಸ್ತುತಿಸುತ್ತಿದ್ದರು. ಆದರೂ ಅವರು ಪರದೆ ಸರಿಸಿ ಮಿಕ್ಕವರ ಪರಿಚಯಗಳನ್ನೂ ಓದಿದರು. ಮಿಕ್ಕವರೆಲ್ಲರ ಪರಿಚಯದಲ್ಲಿ ಅವರು ಮಾಡಿದ್ದು ಏನೆಂದಿತ್ತು. ತಮ್ಮದರಲ್ಲಿ ಬೇರೆಯವರು ತಮಗೆ ಮಾಡಿದ್ದು ಏನೆಂಬುದಷ್ಟೇ ಇತ್ತು. ಯುದ್ಧಕ್ಕೆ ಮುಂಚೆ ಅವರು ಒಂಬತ್ತು ವರ್ಷ ಮೂರನೆಯ ತರಗತಿಗೆ ಕಲಿಸಿದ ಟೀಚರು. ಶುಕ್ರವಾರ ಆ ಸಭೆಯಲ್ಲಿ ಎದ್ದು ನಿಂತರೆ, ಇನ್ನು ಮುಂದೆ ಎಲ್ಲರ ಕಣ್ಣಿಗೂ ತಾವು ಕೊಡ ಹಿಡಿದು ನಿಂತ ಹೆಂಗಸಾಗಿಯೇ ಉಳಿಯುವುದು ಖಂಡಿತ. ಬೇಡವೆಂದರೆ? ಕೈಹಿಡಿದು ಮೇಲೆತ್ತಿದ, ಓದಿ ಕಣ್ಣೊರೆಸಿಕೊಂಡ ಮನುಷ್ಯನ ಸಂತೋಷಕ್ಕೆ ಮಣ್ಣೆರಚಿದಂತಾಗುವುದಿಲ್ಲವೇ?

ಆ ರಾತ್ರಿ ಅವರು ಮೊಣಕಾಲೂರಿ ಬೇಡಿದ್ದು ಧೈರ್ಯವನ್ನಲ್ಲ, ಧೈರ್ಯ ಅವರಿಗಿತ್ತು. ಕರ್ತನೇ, ಆ ಮನುಷ್ಯನಿಗೆ ನೋವಾಗದ ಮಾತು ಕೊಡು ಎಂದು ಬೇಡಿದರು. ದೀನರ ಪ್ರಾರ್ಥನೆಗೆ ಪರಲೋಕದ ಬಾಗಿಲು ಎಂದೂ ಮುಚ್ಚಿರುವುದಿಲ್ಲ. ಮಾತಿಗೆ ಮುಂಚೆ ಅವರಿಗೆ ದೊರೆತದ್ದು ತಮ್ಮ ಅಜ್ಜಿಯ ಪದ್ಧತಿ.

ಮರುದಿನ ಬೆಳಿಗ್ಗೆ ಬಿಳಿಯ ತಟ್ಟೆಯಲ್ಲಿ ಅಡಿಕೆಯಂತೆ ಅಗಿಯುವ ಎರಡು ಕೋಲಾ ಕಾಯಿ, ಪಕ್ಕದಲ್ಲಿ ಕುಟ್ಟಿದ ಖಾರದ ಮೆಣಸು ಇಟ್ಟುಕೊಂಡು ಪ್ರೂಯಿಟ್‌ರ ಕೋಣೆಗೆ ಹೋದರು. ತಟ್ಟೆ ಕಂಡೊಡನೆ ಪ್ರೂಯಿಟ್ ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. ಲೈಬೀರಿಯಾದಲ್ಲಿ ಕೋಲಾ ಮುಂದಿಟ್ಟರೆ, ನನ್ನ ಮನಸ್ಸಿನಲ್ಲಿ ಕಲ್ಮಷವಿಲ್ಲ, ಆದರೆ ದೊಡ್ಡ ಮಾತಿದೆ ಎಂದರ್ಥ. ಮೊದಲು ತಿನ್ನಬೇಕು, ಆಮೇಲೆ ಕೇಳಬೇಕು, ಮಾತು ಮುಗಿಯುವವರೆಗೆ ಎದ್ದು ಹೋಗಬಾರದು. ಅಷ್ಟನ್ನು ಅವರು ಆ ನಾಡಿನಲ್ಲಿ ಕಲಿತಿದ್ದರು.

"ಕೆಲಸ ಬಿಡ್ತೀರಾ, ಮಾ ಕೆಬ್ಬೆ?" ಎಂದರು ಗಾಬರಿಯಿಂದ.

"ಮೊದ್ಲು ತಿನ್ನಿ."

ಕಹಿಗೆ ಅವರ ಮುಖ ಸೊಟ್ಟಗಾಯಿತು, ಖಾರಕ್ಕೆ ಕೆಂಪಾಯಿತು. ಕೆಬ್ಬೆಯೂ ಒಂದು ತುಂಡು ಬಾಯಿಗಿಟ್ಟುಕೊಂಡರು.

"ಬಾಸ್‌ಮ್ಯಾನ್, ನಿಮ್ಮ ನೀರು ಕುಡಿದಿದೀನಿ. ಅದನ್ನ ನಾನು ಮರೆತ್ರೆ ದೇವರು ನನ್ನ ಮರೀಲಿ. ಆದ್ರೆ ಬ್ರಿಜೆಟ್ ಬರೆದಿರೋದ್ರಲ್ಲಿ ನಾನು ಬರೀ ಬಾಯಾರಿದೋಳು. ನಂಗೆ ಕೈಯೂ ಇತ್ತು."

"ಅದನ್ನ ನಿಮ್ಮ ಗೌರವಕ್ಕೇಂತ..."

"ಗೊತ್ತು ಕಣಪ್ಪಾ. ಪ್ರೀತಿಯಿಂದಾನೇ ಬರ್ಸಿದೀರಿ. ಅದಕ್ಕೇ ಕೋಲಾ ತಂದೆ, ಇಲ್ದಿದ್ರೆ ಪೊರಕೆ ತರ್ತಿದ್ದೆ."

ಪ್ರೂಯಿಟ್ ನಗಲೋ ಬೇಡವೋ ಎಂದು ನೋಡಿದರು. ಆಮೇಲೆ ಮೆಲ್ಲಗೆ, "ಶಿಬಿರದಲ್ಲಿ ನೀವು ಏನ್ ಮಾಡ್ತಿದ್ರಿ? ನಾನು ಇಷ್ಟು ವರ್ಷ ಕೇಳೇ ಇಲ್ವಲ್ಲ," ಎಂದರು.

"ಶಾಲೆ ನಡೆಸ್ತಿದ್ದೆ."

"ಶಾಲೆ? ಅಲ್ಲಿ ಕೂರೋಕೆ ಜಾಗ ಇರ್ಲಿಲ್ಲ!"

"ನೀರಿನ ಸಾಲು ಇತ್ತಲ್ಲ. ಮಕ್ಕಳು ಮುಂಜಾನೆಯಿಂದ ಕೊಡ ಇಟ್ಕೊಂಡು ನಿಂತಿರೋವು. ನಿಂತಲ್ಲೇ ಕಲಿಸ್ತಿದ್ದೆ. ಪುಸ್ತಕ ಇಲ್ಲ, ಹಲಗೆ ಇಲ್ಲ. ಆದ್ರೆ ಎದುರಿಗೇ ಬೆಳ್ಳಗೆ, ನುಣ್ಣಗೆ, ಗೋಡೆ ಹಂಗೆ ಒಂದು ನಿಂತಿರೋದು. ಒಲೆಯಿಂದ ಒಂದು ಇದ್ದಲು ತಗೊಂಡ್ರೆ ಆಯ್ತು."

ಪ್ರೂಯಿಟ್‌ರ ಬಾಯಿ ತೆರೆದೇ ಇತ್ತು. ಅಗಿಯುತ್ತಿದ್ದ ಕೋಲಾ ಒಂದು ದವಡೆಯಲ್ಲಿ ನಿಂತುಬಿಟ್ಟಿತು.

"ಮಗ್ಗಿ," ಎಂದರು ಕೊನೆಗೆ, ಉಸಿರಿನಲ್ಲಿ.

"ಮಗ್ಗಿ. ಅದಕ್ಕೇ ದಿನದಿನಕ್ಕೆ ದೊಡ್ಡ ಅಂಕಿ. ಅಡ್ಡಗೆರೆ ಇದ್ದಿದ್ದು ತಪ್ಪು ಹೇಳಿದವರದ್ದು. ಏಳರ ಮಗ್ಗಿಯಲ್ಲಿ ಪಾಪ ಬಹಳ ಗೆರೆ ಬಿದ್ವು."

"ನಾನು ಕಾವಲು ಹಾಕ್ಸಿದ್ದೆ!"

"ಹೂಂ. ಬಂದೂಕು ಹಿಡ್ಕೊಂಡು ನಮ್ಮ ಪಕ್ಕದಲ್ಲೇ ನಿಂತಿದ್ರು. ಒಬ್ಬ ಎಂಟರ ಮಗ್ಗಿವರೆಗೂ ಕಲಿತ."

ಪ್ರೂಯಿಟ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು. ನಗುವೋ ಅಳುವೋ ಎಂದು ಕೆಬ್ಬೆಗೆ ತಿಳಿಯಲಿಲ್ಲ. ಪ್ರಾಯಶಃ ಅವರಿಗೂ ತಿಳಿದಿರಲಿಲ್ಲ.

"ಪ್ರತಿ ಸಂಜೆ ತೊಳೆಸಿದೆ. ನಿಮ್ಮ ಪಾಠಾನ."

"ಒಳ್ಳೇದೇ ಮಾಡಿದ್ರಿ. ಬೆಳಗಾದ್ರೆ ನಂಗೆ ಶುಭ್ರವಾದ ಹಲಗೆ. ಅಂಥ ಜವಾನ ಯಾವ ಶಾಲೆಗೂ ಸಿಕ್ಕಿರ್ಲಿಲ್ಲ."

"ಇಷ್ಟು ವರ್ಷ ನನ್ನ ಕತೆ ಕೇಳ್ತಾ ಕೂತಿದ್ರಲ್ಲ, ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ. ಮಗು ಕೈಯಿಂದ ಗಿಲಕಿ ಕಿತ್ಕೊಳ್ಳೋಕಾಗತ್ಯೆ?"

ಶುಕ್ರವಾರದ ಭೋಜನಕೂಟದಲ್ಲಿ ಪ್ರೂಯಿಟ್ ಎಂದಿನಂತೆ ಎದ್ದು ಎಂದಿನ ಕತೆಯನ್ನೇ ಹೇಳಿದರು. ಇದ್ದಲು, ಅಂಕಿ, ಕಾವಲು, ವರದಿ. ಹಳಬರು ಮೇಜು ಗುದ್ದುವ ಗಳಿಗೆಗಾಗಿ ಕಾದರು. ಪ್ರೂಯಿಟ್ ಗುದ್ದಲಿಲ್ಲ. "ಸಂಕೇತ ಬಿಡಿಸಿ ಆಯ್ತು," ಎಂದು ಬ್ರಿಜೆಟ್‌ಗೆ ಸನ್ನೆ ಮಾಡಿದರು. ಪರದೆಯ ಮೇಲೆ ಕೆಬ್ಬೆಯವರ ಚಿತ್ರ, ಅದರ ಕೆಳಗೆ: 'ಕೆಬ್ಬೆ ಮುಲ್ಬಾ, ಶಿಕ್ಷಕಿ. ಮನ್ರೋವಿಯಾದಲ್ಲಿ ಒಂಬತ್ತು ವರ್ಷ ಮೂರನೆಯ ತರಗತಿಗೆ ಪಾಠ ಹೇಳಿದರು. ಯುದ್ಧಕಾಲದಲ್ಲಿ ನೀರಿನ ಸಾಲಿನಲ್ಲಿ, ಟ್ಯಾಂಕರುಗಳ ಮೇಲೆ ಬರೆದು ಶಾಲೆ ನಡೆಸಿದರು.'

ಅದಕ್ಕೂ ಕೆಳಗೆ ಪ್ರೂಯಿಟ್‌ರ ಪರಿಚಯ. ಅವರ ಪದವಿ, ಸೇವೆಗಳ ಕೊನೆಗೆ, ಬ್ರಿಜೆಟ್ ಎಷ್ಟು ಬೇಡವೆಂದರೂ ಕೇಳದೆ ಅವರೇ ಸೇರಿಸಿದ ಒಂದು ಸಾಲು: 'ಅದೇ ಶಾಲೆಯ ಹಲಗೆ ಒರೆಸಿದವರು.'

ಸಭಾಂಗಣ ನಗುವಿನಿಂದ ಬಿರಿಯಿತು. ಮೂಲೆಯ ಮೇಜಿನಿಂದ ಕೆಂಪು ಟೈ ಕಟ್ಟಿದ್ದವನೊಬ್ಬ, "ಲೈಲ್, ಆ ವರದಿಗೆ ನಾನು ಸಹಿ ಹಾಕಿದ್ದೆನಲ್ಲೋ!" ಎಂದು ಕೂಗಿದ. ಕೆಬ್ಬೆ ಎದ್ದು ನಿಂತರು. ನಗು ಇಳಿದು ಚಪ್ಪಾಳೆಯಾಯಿತು, ಚಪ್ಪಾಳೆ ನಿಂತು ಮೌನವಾಯಿತು; ಎಲ್ಲರೂ ಈಗ ಕೃತಜ್ಞತೆಯ ಮಾತು ಬರುತ್ತದೆಂದು ಕಾದರು. ಆ ಮೌನ ಕೆಬ್ಬೆಗೆ ಗೊತ್ತಿದ್ದ ಮೌನ. ತರಗತಿಯದು. ಅವರು ಕೆಂಪು ಟೈಯವನತ್ತ ಬೆರಳು ಚಾಚಿದರು.

"ನೀನೇ, ಎದ್ದು ನಿಂತ್ಕೋ. ಏಳೆಂಟ್ಲ?"

ಅವನು ಎದ್ದ. ಯುದ್ಧಭೂಮಿಗಳನ್ನು ಕಂಡ ಮನುಷ್ಯ ತಡವರಿಸಿದ. ಪಕ್ಕದವರ ಕಡೆ ನೋಡಿದ.

"ಐವತ್ನಾಲ್ಕು?"

"ಗೆರೆ," ಎಂದರು ಕೆಬ್ಬೆ, ಗಾಳಿಯಲ್ಲಿ ಅಡ್ಡಗೆರೆ ಎಳೆಯುತ್ತ. ಪ್ರೂಯಿಟ್ ಕರವಸ್ತ್ರ ತೆಗೆದು, ಪರದೆಯ ಪಕ್ಕದ ಗೋಡೆಯನ್ನು ಒರೆಸಲು ಹೊರಟೇಬಿಟ್ಟರು.