ಬಾಯಲ್ಲಿ ಸ್ಕ್ರೂ ಇಟ್ಟುಕೊಂಡು ಆಡಿದ ಮಾತು

ಅವರ ಬಾಯಲ್ಲಿ ಯಾವಾಗಲೂ ನಾಲ್ಕೈದು ಸ್ಕ್ರೂ ಇರುತ್ತಿದ್ದವು. ಎಡಗಲ್ಲದಲ್ಲಿ ಸ್ಕ್ರೂ, ಬಲಗಲ್ಲದಲ್ಲಿ ಎಲೆ-ಅಡಿಕೆ. ಹೊಲಿಗೆ ಯಂತ್ರ ಬಿಚ್ಚಲು ಕೂತರೆ ಕಳಚಿದ್ದೆಲ್ಲ ನೆಲಕ್ಕೆ ಬೀಳದೆ ಬಾಯಿಗೇ ಹೋಗುತ್ತಿತ್ತು. ಮತ್ತೆ ಜೋಡಿಸುವಾಗ ಬೇಕಾದ ಸ್ಕ್ರೂವನ್ನು ನಾಲಗೆಯಿಂದಲೇ ಆರಿಸಿ ತುಟಿಯ ಅಂಚಿಗೆ ತರುತ್ತಿದ್ದರು. ಅಳತೆ ತಪ್ಪಿದ್ದನ್ನು ನಾನು ಒಮ್ಮೆಯೂ ಕಾಣೆ. ತಪ್ಪುತ್ತಿದ್ದುದು ಮಾತು.

ಸೊಲ್ಲಾಪುರದ ಮಿಲ್ಲೊಂದರಲ್ಲಿ ಮಗ್ಗಗಳನ್ನು ರಿಪೇರಿ ಮಾಡುವ ಫಿಟರ್ ಅವರು. ನಮ್ಮ ಬಟ್ಟೆ ಅಂಗಡಿಯ ಹಿಂದಿನ ಓಣಿಯಲ್ಲಿ ಮನೆ. ಪಾಳಿ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತು ಓಣಿಯವರ ಸ್ಟೋವು, ಸೈಕಲ್ಲು ಸರಿಮಾಡುತ್ತಿದ್ದರು. ಎಲ್ಲರಿಗೂ ಅವರು ಫಿಟರ್ ಕಾಕಾ. ಹುಟ್ಟಿದ್ದು ಕನ್ನಡದ ಹಳ್ಳಿ ನಾಗಣಸೂರ, ಹಾಗಾಗಿ ಮನೆಯಲ್ಲಿ ಕನ್ನಡ, ಮಿಲ್ಲಿನಲ್ಲಿ ಮರಾಠಿ. ಒಂದರಲ್ಲಿ ಶುರುವಾದ ಮಾತು ಇನ್ನೊಂದರಲ್ಲಿ ಮುಗಿಯುತ್ತಿತ್ತು. ನಮ್ಮ ಊರು ಯಾವ ರಾಜ್ಯಕ್ಕೆ ಸೇರಬೇಕು ಎಂದು ಅಂಗಡಿ ಅಂಗಡಿಯಲ್ಲಿ ವಾದ ನಡೆಯುತ್ತಿದ್ದ ಕಾಲ ಅದು. ಯಾರೋ ಅವರನ್ನೂ ಕೇಳಿದರು. ಕಾಕಾ ತಲೆ ಎತ್ತದೆ, "ಊರ ಎಲ್ಲಿಗರೆ ಕಳಸ್ರಿ. ನನ್ನ ಬಾಯಿ ಯಾವ ರಾಜ್ಯಕ್ಕ ಕಳಸ್ತೀರಿ, ಅದನ್ನ ಹೇಳ್ರಿ" ಎಂದಿದ್ದರು.

ನನಗಾಗ ಇಪ್ಪತ್ತೊಂದು. ಅಪ್ಪನ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯುತ್ತಿದ್ದೆ, ತಲೆಯ ತುಂಬ ಮೋಟಾರು. ಅಕ್ಕಲಕೋಟೆಯ ಒಬ್ಬ ಕಾಳಿನ ವ್ಯಾಪಾರಿಯ ಹಿತ್ತಿಲಲ್ಲಿ, ಜಾಲಿಯ ಮರೆಯಲ್ಲಿ, ಲಡಾಯಿ ಕಾಲದ ಜೀಪೊಂದು ನಿಂತಿತ್ತು. ನಾಲ್ಕೂ ಗಾಲಿ ಎಳೆಯುವ ಗಾಡಿ ಎಂದು ಕೇಳಿದ್ದೇ ನನ್ನ ನಿದ್ದೆ ಹೋಯಿತು. ತುಕ್ಕು ತಿಂದ ತಳದ ತೂತಿನಿಂದ ಹುಲ್ಲು ಮೇಲೆದ್ದಿತ್ತು. ಡ್ರೈವರನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸಬೇಡಿ ಎಂದು ವ್ಯಾಪಾರಿಯ ಹೆಂಡತಿ ಒಳಗಿನಿಂದಲೇ ಕೂಗಿದರು.

ನೋಡಿ ಹೇಳಿ ಎಂದು ಕಾಕಾನನ್ನು ಕರೆದುಕೊಂಡು ಹೋದೆ. ಅವರು ಎಂಜಿನ್ನಿನ ಮೇಲಿನ ಏನೇನನ್ನೋ ಬಿಚ್ಚಿ ಸ್ಕ್ರೂಗಳನ್ನು ಬಾಯಿಗೆ ಹಾಕಿಕೊಂಡರು. ಅಡಿಗೆ ಅಂಗಾತ ಮಲಗಿ ಅಲ್ಲಲ್ಲಿ ಬಡಿದರು. ಬಡಿದಲ್ಲೆಲ್ಲ ತುಕ್ಕು ಉದುರಿ ಮೀಸೆ ಕೆಂಪಾಯಿತು. ಎದ್ದು ಬಂದು ಅಂಗಿ ಕೊಡವಿ, "ಬಂಗಾರ ಐತಿ ತಮ್ಮಾ. ನಿವ್ವಳ ಬಂಗಾರ" ಎಂದರು. ಪಾಳಿಗೆ ಹೊತ್ತಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿಗೆ ಓಡಿದರು.

ನಿವ್ವಳ ಬಂಗಾರ! ಇನ್ನೇನು ಬೇಕು? ತೀರಿಹೋದ ನನ್ನ ಅವ್ವ, ನನ್ನ ಹೆಂಡತಿಯಾಗಿ ಬರುವವಳಿಗೆಂದು ಬಿಟ್ಟುಹೋದ ಉಂಗುರ ನನ್ನ ಬೆರಳಲ್ಲಿತ್ತು. ಅದನ್ನು ಅಲ್ಲೇ ತೆಗೆದು ವ್ಯಾಪಾರಿಯ ಕೈಗಿಟ್ಟೆ. ಗಾಡಿ ಸರಿಹೋಗುವ ತನಕ ಹಿತ್ತಿಲಲ್ಲೇ ಇರಲಿ ಎಂದು ಅವರೂ ಒಪ್ಪಿದರು.

ಮರುದಿನ ಸಂಜೆ ಕಟ್ಟೆಗೆ ಓಡಿದೆ. "ಕಾಕಾ, ನೀವು ಬಂಗಾರ ಅಂದ್ರಿ, ನಾ ತಗೊಂಡಬಿಟ್ಟೆ."

ಕಾಕಾ ಕೈಯಲ್ಲಿದ್ದ ಸ್ಟೋವು ಕೆಳಗಿಟ್ಟರು. ಬಾಯೊಳಗಿನ ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು. ಅವರ ಬಾಯಿ ಖಾಲಿಯಾದದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

"ತಗೊಂಡಿ?"

"ಹೂಂರಿ."

"ಏನ ಕೊಟ್ಟಿ?"

"ಅವ್ವನ ಉಂಗುರ."

ಅವರು ನನ್ನ ಬೋಳು ಬೆರಳನ್ನು ನೋಡಿದರು. ಆಮೇಲೆ, "ರಜಾದಿನ ಬರ್ತೀನಿ. ಎರಡ ಡಬ್ಬಿ ಘಾಸಲೇಟ್ ತಂದಿಟ್ಟಿರು" ಎಂದರು. ಘಾಸಲೇಟ್ ಎಂದರೆ ನಮ್ಮಲ್ಲಿ ಸೀಮೆಎಣ್ಣೆ.

ಅಂದಿನಿಂದ ಅವರಲ್ಲಿ ಒಂದು ಬದಲಾವಣೆ. ಬೇರೆ ಯಾರ ಜೊತೆಗಾದರೂ ಬಾಯಲ್ಲಿ ಸ್ಕ್ರೂ ಇಟ್ಟುಕೊಂಡೇ ಮಾತು. ನನ್ನ ಜೊತೆ ಮಾತ್ರ ಮೊದಲು ಬಾಯಿ ಖಾಲಿ ಮಾಡಿ, ಆಮೇಲೆ ಬಿಡಿಸಿ ಬಿಡಿಸಿ ಮಾತು. ಜೀಪಿನ ಮಾಲೀಕನಾದೆನಲ್ಲ, ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ. ಒಳಗೊಳಗೇ ಉಬ್ಬಿದೆ ಕೂಡ.

ಆ ಉಬ್ಬು ಇಳಿಸಿದವರು ಅಪ್ಪ. ಉಂಗುರದ ಸುದ್ದಿ ಕೇಳಿ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಗಿರಾಕಿಗಳ ಮುಂದೆಯೇ, "ಅವ್ವನ ಬಂಗಾರ ಕೊಟ್ಟು ಭಂಗಾರ ತಂದಾನ ನೋಡ್ರಿ ನಮ್ಮ ಶಾಣ್ಯಾ" ಎಂದರು. ಗಿರಾಕಿಗಳು ನಕ್ಕರು. ನನಗೆ ಆಗ ಹೊಳೆಯಿತು. ಕನ್ನಡದಲ್ಲಿ ಬಂಗಾರವೆಂದರೆ ಚಿನ್ನ. ಮರಾಠಿಯಲ್ಲಿ ಭಂಗಾರವೆಂದರೆ ಮುರುಕು ಕಬ್ಬಿಣ, ಕೆಲಸಕ್ಕೆ ಬಾರದ್ದು. ನಡುವೆ ಇರುವುದು ಒಂದು ಉಸಿರಿನ ವ್ಯತ್ಯಾಸ. ಆ ಉಸಿರು ನಮ್ಮ ಕಡೆಯವರ ಬಾಯಲ್ಲಿ ಸ್ಕ್ರೂ ಇಲ್ಲದಿದ್ದರೂ ನಿಲ್ಲುವುದಿಲ್ಲ.

ಹಾಗಾದರೆ ಕಾಕಾ ಅಂದದ್ದು ಯಾವುದು?

"ಉಂಗುರ ಹೋತು, ಹೋಗ್ಲಿ," ಅಪ್ಪ ಕಡೆಯ ಮಾತೆಂಬಂತೆ ಹೇಳಿದರು. "ಬರೂ ದಸರಾದಾಗ ಆ ಗಾಡಿ ತಾನ ನಡಕೊಂತ ಬಂದು ಅಂಗಡಿ ಮುಂದ ನಿಲ್ಲಬೇಕು. ಇಲ್ಲಂದ್ರ ಭಂಗಾರದವಂಗ ತೂಗಿ ಕೊಡೂದು. ಆಮ್ಯಾಲ ನೀ ಮೋಟಾರ ಅನ್ನೂ ಶಬ್ದ ಎತ್ತಬಾರ್ದು."

ಮುಂದಿನ ದಸರೆಯವರೆಗೆ ಮಿಲ್ಲಿನ ಪ್ರತಿ ರಜಾದಿನವೂ ಕಾಕಾ ನನ್ನ ಜೊತೆ ಅಕ್ಕಲಕೋಟೆಯ ಬಸ್ಸು ಹತ್ತಿದರು. ಅವರ ಹೆಂಡತಿ ಕಾಕು ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಅವರ ತೊಡೆಯ ಮೇಲೆ. ಜಾಮಾದ ಎಂಜಿನ್ನಿಗೆ ಸೀಮೆಎಣ್ಣೆ ಸುರಿದು ವಾರಗಟ್ಟಲೆ ಕಾದೆವು. ಹ್ಯಾಂಡಲ್ ಹಾಕಿ ತಿರುವಿದರೆ ಜಗ್ಗದು. ನಾಲ್ಕನೆಯ ವಾರ ಒಂದು ಬೆರಳಿನಷ್ಟು ತಿರುಗಿತು. ಕಾಕಾ ಕೈಮುಗಿದರು. ಎಂಜಿನ್ನಿಗೋ ದೇವರಿಗೋ ತಿಳಿಯಲಿಲ್ಲ.

ಆ ದಿನಗಳಲ್ಲಿ ನನಗೆ ತಿಳಿದದ್ದಕ್ಕಿಂತ ತಿಳಿಯದೆ ಹೋದದ್ದೇ ಹೆಚ್ಚು. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಕಾಕಾ ಅದಕ್ಕೂ ಮೊದಲು ಮೋಟಾರಿನ ಎಂಜಿನ್ ಬಿಚ್ಚಿದವರೇ ಅಲ್ಲ! "ಮಗ್ಗದಾಗ ಹಿಂಗ ಇರೂದಿಲ್ಲಲಾ" ಎಂದು ಗೊಣಗುತ್ತ ಒಂದೊಂದು ಭಾಗವನ್ನೂ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಗೊತ್ತಿಲ್ಲದ ಕೆಲಸಕ್ಕೆ ಇವರು ರಜೆ ಹಾಳು ಮಾಡಿಕೊಂಡು ಬರುವುದೇಕೆ? ಒಮ್ಮೆ ಎಲ್ಲ ಜೋಡಿಸಿದ ಮೇಲೆ ಏಳು ಸಾಮಾನು ಉಳಿದವು. ನನಗೆ ಅಳುವೇ ಬಂತು. ಕಾಕಾ ಅವನ್ನು ಒಂದು ಡಬ್ಬಿಗೆ ಹಾಕಿ, "ಇರ್ಲಿ ಬಿಡು. ಎಲ್ಲಿಯವು ಅಂತ ಅವ ಯಾವಾಗರೆ ಹೇಳ್ತಾವು" ಎಂದರು. ಐದು ಹೇಳಿದವು. ಎರಡು ಇನ್ನೂ ನನ್ನ ಹತ್ತಿರ ಇವೆ.

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಮುಂದಿನ ಗಾಲಿಗಳಿಗೂ ಎಳೆಯುವ ಬಲ ಕೊಡುವ ಸಣ್ಣ ಲಿವರು. ಅದು ತುಕ್ಕಿಗೆ ಕಚ್ಚಿಕೊಂಡಿತ್ತು. "ಮುಂದಿನವೂ ಎಳಿತಾವು, ಹಿಂದಿನವೂ ಎಳಿತಾವು. ಅಂದ್ರ ಮನಿಯಾಗ ಯಜಮಾನ ಯಾರು?" ಎಂದು ತಲೆ ಕೆರೆದುಕೊಂಡರು. ಹಳೆಯ ಹಿತ್ತಾಳೆ ನಲ್ಲಿಯೊಂದನ್ನು ಅರದಿಂದ ತಿಕ್ಕಿ ತಿಕ್ಕಿ ಅದಕ್ಕೊಂದು ಬುಷ್, ಅಂದರೆ ಒಳಗೆ ಕೂರುವ ಬಳೆ, ಮಾಡಿದರು. ಅದೊಂದಕ್ಕೇ ಆರು ರಜೆ ಹೋದವು.

ಒಮ್ಮೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಕಾಕಾ, ಅವತ್ತ ನೀವು ಅಂದದ್ದು ಬಂಗಾರೊ, ಭಂಗಾರೊ?"

ಅವರು ಬಾಯಿಂದ ಸ್ಕ್ರೂ ತೆಗೆದರು. "ಅಂದದ್ದು ಅಂದಾಗೇತಿ. ಪಾನಾ ಕೊಡು."

ಪಾನಾ, ಅಂದರೆ ಸ್ಪ್ಯಾನರು, ಕೊಟ್ಟೆ. ಮತ್ತೆರಡು ಸಲ ಕೇಳಿದಾಗಲೂ ಅದೇ ಉತ್ತರ, ಅದೇ ಪಾನಾ.

ದಸರೆಗೆ ಮೂರು ದಿನವಿದ್ದಾಗ ಎಂಜಿನ್ನು ಸತತ ಒಂದು ಗಂಟೆ ಓಡಿತು. ಹಬ್ಬದ ಹಿಂದಿನ ದಿನ ಅಕ್ಕಲಕೋಟೆಯಿಂದ ಹೊರಟೆವು. ನಾನು ಸ್ಟಿಯರಿಂಗಿನಲ್ಲಿ, ಕಾಕಾ ಪಕ್ಕದಲ್ಲಿ, ಉಳಿದ ಸಾಮಾನಿನ ಡಬ್ಬಿ ಅವರ ಮಡಿಲಲ್ಲಿ. ರಾತ್ರಿಯೆಲ್ಲ ಸುರಿದ ಮಳೆಗೆ ಅರ್ಧ ದಾರಿಯಲ್ಲಿ ರಸ್ತೆ ಕೊಚ್ಚಿಹೋಗಿ, ಗಾಡಿಗಳೆಲ್ಲ ಪಕ್ಕದ ಎರೆಹೊಲಕ್ಕೆ ಇಳಿದು ದಾಟಬೇಕಿತ್ತು. ಒಂದು ಲಾರಿ ಗಾಲಿಯ ನಡುಮಟ್ಟ ಹೂತು ನಿಂತಿತ್ತು. ನಾವೂ ಇಳಿದೆವು, ನಾವೂ ಹೂತೆವು. ಹಿಂದಿನ ಗಾಲಿಗಳು ಸುಮ್ಮನೆ ಕೆಸರು ಎರಚಿದವು. ಮುಗಿಯಿತು ಎಂದುಕೊಂಡೆ, ಅಂಗಡಿಯ ಮುಂದೆ ತಕ್ಕಡಿ ಹಿಡಿದು ನಿಂತ ಭಂಗಾರದವನು ಕಣ್ಣಿಗೆ ಕಟ್ಟಿದ.

ಕಾಕಾ ಬಗ್ಗಿ ಆ ಸಣ್ಣ ಲಿವರನ್ನು ಎರಡೂ ಕೈಯಿಂದ ಎಳೆದರು. ಕಟಕ್ ಎಂದಿತು. ಮುಂದಿನ ಗಾಲಿಗಳು ನೆಲ ಕಚ್ಚಿದವು, ಗಾಡಿ ಏದುತ್ತ, ನಡುಗುತ್ತ ಮೇಲೆ ಬಂತು. ಲಾರಿಯವರು ಕೂಗಿ ಚಪ್ಪಾಳೆ ತಟ್ಟಿದರು. ಕಾಕಾ ಅವರತ್ತ ನೋಡಲೇ ಇಲ್ಲ. ನನ್ನ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ, "ಈಗ ಬಂಗಾರ ಐತಿ ನೋಡು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಕೆಸರು ಸಿಡಿದಿರಬೇಕು ಎಂದುಕೊಂಡೆ.

ಅಂಗಡಿಯ ಮುಂದೆ ಗಾಡಿ ನಿಂತಾಗ ಅಪ್ಪ ಇಳಿದು ಬಂದು ಅದನ್ನು ಒಂದು ಸುತ್ತು ಹಾಕಿ ನೋಡಿದರು. ಮರುದಿನ ಪೂಜೆಗೆ ತಕ್ಕಡಿ, ಗಜಕಡ್ಡಿಗಳ ಜೊತೆ ಜೀಪಿಗೂ ಕುಂಕುಮ ಹಚ್ಚಿದರು. ಆಮೇಲೆ ತಾವೇ ಕಾಕಾನ ಮನೆಗೆ ಹೋಗಿ ಧೋತರ, ಕುಪ್ಪಸದ ಖಣ ಕೊಟ್ಟು ಬಂದರು.

ಎರಡು ವರ್ಷದ ಬಳಿಕ ಮಿಲ್ಲಿನ ಹತ್ತಿಯ ಧೂಳು ಕಾಕಾನ ಎದೆ ಹಿಡಿಯಿತು. ಉಸಿರಿಗೆ ಕಷ್ಟವಾಗಿ ಕೆಲಸ ಬಿಟ್ಟು ನಾಗಣಸೂರಿಗೆ ಹೋದರು. ಮಳೆಗಾಲ ಮುಗಿಯಲಿ, ಜೀಪಿನಲ್ಲೇ ಹೋಗಿ ನೋಡಿಬರೋಣ ಎಂದು ನಾನು ಇವತ್ತು ನಾಳೆ ಎನ್ನುತ್ತಿದ್ದೆ. ಅಷ್ಟರಲ್ಲಿ ತೀರಿಕೊಂಡರು ಎಂಬ ಸುದ್ದಿಯೇ ಬಂತು. ಆ ಸಂಕಟ ಈಗಲೂ ಹೋಗಿಲ್ಲ.

ಜೀಪಿನಲ್ಲೇ ಹೋದೆ. ಕಾಕು ಪಡಸಾಲೆಯಲ್ಲಿ ಕೂತಿದ್ದರು. ಹೊರಗೆ ನಿಂತ ಗಾಡಿಯನ್ನೇ ನೋಡುತ್ತ, "ಇನ್ನೂ ನಡೀತೈತೇನಪಾ?" ಎಂದರು.

"ನಡೀತೈತ್ರಿ. ಕಾಕಾ ಅವತ್ತ ನೋಡಿದ ಕೂಡಲೇ ಬಂಗಾರ ಅಂದಿದ್ರು."

ಕಾಕು ಅಳುವಿನ ನಡುವೆಯೇ ನಕ್ಕುಬಿಟ್ಟರು. "ಹುಚ್ಚಪ್ಪಾ, ಭಂಗಾರ ಅಂದಿದ್ರು. ತುಕ್ಕ ತಿಂದ ಭಂಗಾರ, ಮುಟ್ಟಬ್ಯಾಡ ಅನ್ನೂ ಅರ್ಥದಾಗ. ನೀ ಉಂಗುರ ಕೊಟ್ಟು ಬಂದಿ ಅಂತ ತಿಳಿದ ದಿನ ಊಟಾನ ಮಾಡ್ಲಿಲ್ಲ. 'ತಾಯಿ ಇಲ್ಲದ ಹುಡುಗ. ತಪ್ಪು ಅವನ ಕಿವೀದಲ್ಲ, ನನ್ನ ಬಾಯಾಗಿನ ಸ್ಕ್ರೂದು. ಇನ್ನ ಅದನ್ನ ಬಂಗಾರ ಮಾಡೂದ ಸೈ' ಅಂದ್ರು. ಅವತ್ತಿಂದ ನಿನ್ನ ಜೋಡಿ ಮಾತಾಡೂಮುಂದ ಬಾಯಾಗ ಒಂದೂ ಸ್ಕ್ರೂ ಇಟ್ಕೋಲಿಲ್ಲ."

ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ.